ಹುಣಸೆಯ ತೋಪು, ಬಾಸ್ಟನ್ನಿನ ಅಂಗಳ

ಪುರಾಣ ಪ್ರವಚನಗಳಲ್ಲಿಯೇ ಆಯುಷ್ಯದ ಹೆಚ್ಚಿನ ಭಾಗವನ್ನು ಕಳೆದ ನನ್ನಂಥವನು ಮೋಟಾರು ವಾಹನಗಳನ್ನು ನಿಲ್ಲಿಸುವ ಜಾಗದ ವಿಷಯ ಬರೆಯಲು ಕುಳಿತಿರುವುದನ್ನು ಕಂಡು ಓದುಗ ಬಂಧುಗಳಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಸಂಪಾದಕರು ಕೇಳಿದ್ದು ಕಾರ್ತಿಕ ಮಾಸದ ದೀಪೋತ್ಸವವನ್ನು ಕುರಿತ ಲೇಖನವನ್ನು. ಅದನ್ನು ಇನ್ನೊಮ್ಮೆ ಬರೆದೇನು. ಈ ಸಲ ಮನಸ್ಸನ್ನು ಆವರಿಸಿಕೊಂಡಿರುವ ಸಂಗತಿಯೇ ಬೇರೆ. ಅದನ್ನು ಹೇಳಿಕೊಳ್ಳಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕು.

ನಾನು ವಟುವಾಗಿ ಮಠವನ್ನು ಸೇರಿದ್ದು 1973ರಲ್ಲಿ, ಹನ್ನೊಂದು ವರ್ಷದವನಿದ್ದಾಗ. ಊರ ನಟ್ಟನಡುವೆ, ಪೇಟೆಗೆ ಹತ್ತಿಕೊಂಡು ಮಠದ ಹಿಂದೆ ಒಂದು ಎಕರೆ ಹನ್ನೆರಡು ಗುಂಟೆಯ ತೋಪಿತ್ತು. ಹದಿನಾಲ್ಕು ಹುಣಸೆಯ ಮರಗಳು, ಎರಡು ಬೇವು, ಒಂದು ಬಾವಿ. ಲಿಂಗೈಕ್ಯ ಪೂಜ್ಯರು ಬೆಳಗಿನ ಪೂಜೆ ಮುಗಿಸಿ ಅಲ್ಲಿಗೆ ಬಂದು ಕಲ್ಲುಕಟ್ಟೆಯ ಮೇಲೆ ಕುಳಿತರೆಂದರೆ ನಮಗೆ ಅಮರಕೋಶದ ಪಾಠ ಆರಂಭ. ಹುಣಸೆಯ ನೆರಳಿನಲ್ಲಿ ಮಲಗಬಾರದೆಂಬ ಮಾತು ನಮ್ಮ ಕಡೆ ಇದೆ. ನಾವು ಮಲಗುತ್ತಿರಲಿಲ್ಲ, ತೂಕಡಿಸುತ್ತಿದ್ದೆವು. ತೂಕಡಿಸಿದವನ ತಲೆಯ ಮೇಲೆ ಬೀಳುತ್ತಿದ್ದುದು ಗುರುಗಳ ಕೈಯಲ್ಲ, ಒಣಗಿದ ಹುಣಸೆಯ ಕಾಯಿ. ಮಧ್ಯಾಹ್ನ ಪೇಟೆಯ ಹಮಾಲರು, ಸಂತೆಗೆ ಬಂದ ಹೆಣ್ಣುಮಕ್ಕಳು, ತಾಲ್ಲೂಕು ಕಚೇರಿಗೆ ಅಲೆದು ದಣಿದ ರೈತರು ಬುತ್ತಿಯನ್ನು ಬಿಚ್ಚುತ್ತಿದ್ದುದು ಅಲ್ಲಿಯೇ. ಯಾರು, ಯಾವ ಜಾತಿ ಎಂದು ಕೇಳಿದವರಿಲ್ಲ. ಬಾವಿಯ ಹಗ್ಗ ಎಲ್ಲರ ಕೈಗೂ ಸಿಗುತ್ತಿತ್ತು.

2009ರಲ್ಲಿ ಆ ಹದಿನಾರು ಮರಗಳನ್ನು ಕಡಿಸಿದ ಠರಾವಿನ ಕೆಳಗೆ ಆಡಳಿತ ಸಮಿತಿಯ ಕಾರ್ಯದರ್ಶಿಯೆಂದು ಇರುವ ಸಹಿ ನನ್ನದು.

ಕಾರಣಗಳು ಇರಲಿಲ್ಲವೆಂದಲ್ಲ. ಕಲ್ಯಾಣ ಮಂಟಪವಾಗಿತ್ತು. ಮದುವೆಗೆ ಬಂದ ಕಾರುಗಳು ಬೀದಿಯನ್ನೆಲ್ಲ ಕಟ್ಟಿ ನಿಲ್ಲುತ್ತಿದ್ದವು. ಪೇಟೆಯ ವರ್ತಕರು ತಿಂಗಳ ಬಾಡಿಗೆ ಕೊಡಲು ಮುಂದೆ ಬಂದರು. ಪ್ರಸಾದ ನಿಲಯದಲ್ಲಿ ಆಗ 140 ಮಕ್ಕಳಿದ್ದರು, ಅಕ್ಕಿ ಬೇಳೆಯ ಸಾಲ ಏರುತ್ತಿತ್ತು. ಮರ ಕೊಟ್ಟದ್ದು ವರ್ಷಕ್ಕೊಂದು ಸಲ ಹುಣಸೆಯ ಹಣ್ಣನ್ನು ಮಾತ್ರ. ಜಾಗವನ್ನು ಸಮ ಮಾಡಿ ಗರಸು ಹಾಸಿದರೆ ತಿಂಗಳಿಗೆ ಇಷ್ಟು ಸಾವಿರ ಎಂದು ಲೆಕ್ಕ ಹಾಕಿ ಸಭೆಯ ಮುಂದಿಟ್ಟವನೂ ನಾನೇ. ಲೆಕ್ಕ ಸುಳ್ಳಾಗಲಿಲ್ಲ. ಇಂದು ಅದರಿಂದ ತಿಂಗಳಿಗೆ ಸುಮಾರು 90,000 ರೂಪಾಯಿ ಬರುತ್ತದೆ, ಆ ಹಣ ಮಕ್ಕಳ ಎಲೆಗೇ ಹೋಗುತ್ತದೆ. ಆದುದರಿಂದ ಇದನ್ನು ಕೇವಲ ದುರಾಸೆಯ ಕಥೆಯೆಂದು ಯಾರೂ ತಿಳಿಯಬಾರದು. ದುರಾಸೆಯಾಗಿದ್ದರೆ ಪಶ್ಚಾತ್ತಾಪ ಪಡುವುದು ಸುಲಭವಿತ್ತು.

ಈ ವರ್ಷ, ಅಂದರೆ 2025ರ ಬೇಸಿಗೆಯಲ್ಲಿ, ಮಗಳ ಒತ್ತಾಯಕ್ಕೆ ಮಣಿದು ಮೂರು ತಿಂಗಳು ಅಮೆರಿಕದಲ್ಲಿದ್ದು ಬಂದೆ. ಅವಳ ಮನೆ ಬಾಸ್ಟನ್ ನಗರದ ದಕ್ಷಿಣಕ್ಕೆ ಕ್ವಿನ್ಸಿ ಎಂಬ ಊರಿನಲ್ಲಿ. ಕೆಲಸ ಬಾಸ್ಟನ್ನಿನ ಪೇಟೆಯ ನಡುವೆ. ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗಿ, ಮೊಮ್ಮಗ ಬೇಸಿಗೆಯ ಶಿಬಿರಕ್ಕೆ ಹೊರಟುಹೋದ ಮೇಲೆ ಆ ಮರದ ಮನೆಯಲ್ಲಿ ಒಬ್ಬನೇ ಕುಳಿತು ಗಡಿಯಾರವನ್ನು ನೋಡುವುದಾಗುತ್ತಿತ್ತು. ಒಂದು ವಾರ ಕಂಡು ಮಗಳೇ, ‘ಅಪ್ಪಾ, ನನ್ನ ಸಂಗಡ ರೈಲಿನಲ್ಲಿ ಬಾ. ಆಫೀಸಿನ ಹತ್ತಿರ ಒಂದು ಉದ್ಯಾನವಿದೆ, ಅಲ್ಲಿ ಕುಳಿತುಕೋ, ಮಧ್ಯಾಹ್ನ ಜೊತೆಗೆ ಊಟ ಮಾಡೋಣ’ ಎಂದಳು. ಕೆಂಪು ಮಾರ್ಗದ ರೈಲನ್ನು ಸೌತ್ ಸ್ಟೇಷನ್ನಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಆ ಸ್ಥಳ. ಪೋಸ್ಟ್ ಆಫೀಸ್ ಸ್ಕ್ವೇರ್ ಎಂದು ಕರೆಯುತ್ತಾರೆ. ಎದುರಿಗೆ ಅಂಚೆ ಕಚೇರಿ ಮತ್ತು ನ್ಯಾಯಾಲಯಕ್ಕೆಂದು 1930ರ ದಶಕದಲ್ಲಿ ಕಟ್ಟಿದ ದೊಡ್ಡ ಕಲ್ಲಿನ ಸೌಧವಿದೆ.

ನಾಲ್ಕೂ ಕಡೆ ಕತ್ತೆತ್ತಿ ನೋಡಬೇಕಾದ ಕಟ್ಟಡಗಳು. ನಡುವೆ ಪೂಜೆಯ ತಟ್ಟೆಯಲ್ಲಿಟ್ಟ ಪತ್ರೆಯಂತೆ ಒಂದು ಹಸಿರು. ವಿಸ್ತೀರ್ಣ 1.7 ಎಕರೆ. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಇಪ್ಪತ್ತೆಂಟು ಗುಂಟೆ. ನಮ್ಮ ತೋಪಿಗಿಂತ ಹದಿನಾರು ಗುಂಟೆಯಷ್ಟೇ ಹೆಚ್ಚು! ಈ ಲೆಕ್ಕ ನನಗೆ ಮೊದಲ ದಿನವೇ ಹೊಳೆದದ್ದಲ್ಲ, ಆಮೇಲೆ ಹೊಳೆದು ನಿದ್ದೆ ಕೆಡಿಸಿದ್ದು. ಹುಲ್ಲಿನ ಅಂಗಳ, ನೂರಕ್ಕೂ ಹೆಚ್ಚು ಜಾತಿಯ ಗಿಡಬಳ್ಳಿಗಳು, ಸುಮಾರು 140 ಅಡಿ ಉದ್ದದ ಬಳ್ಳಿಯ ಚಪ್ಪರ, ಕಾರಂಜಿ, ಮತ್ತು ಒಂದು ಗಾಜಿನ ಮಂಟಪದಲ್ಲಿ ಚಹಾ ತಿಂಡಿಯ ಅಂಗಡಿ. ಕೆಲವು ಗಿಡಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದವರು ಕಡವಾಗಿ ಕೊಟ್ಟಿದ್ದಾರೆ. ಗಿಡವನ್ನು ಕಡ ಕೊಡುವ ಪದ್ಧತಿಯನ್ನು ನಾನು ಕೇಳಿದ್ದು ಇದೇ ಮೊದಲು. ಹನ್ನೆರಡು ಗಂಟೆಯಾಯಿತೆಂದರೆ ಆ ಎತ್ತರದ ಕಟ್ಟಡಗಳಿಂದ ಜನ ಇಳಿದು ಬಂದು, ತಂದ ಊಟದ ಡಬ್ಬಿಯನ್ನು ತೆರೆಯುತ್ತಿದ್ದರು. ಕೋಟು ಹಾಕಿದವರು, ಕಟ್ಟಡದ ಕೆಲಸದ ಹಳದಿ ಅಂಗಿಯವರು, ಅಂಚೆ ಹಂಚುವವರು, ಎಲ್ಲರೂ ಒಂದೇ ಹುಲ್ಲಿನ ಮೇಲೆ. ಬುತ್ತಿ ಬಿಚ್ಚುವ ಆ ದೃಶ್ಯವನ್ನು ನಾನು ಎಲ್ಲಿ ಕಂಡಿದ್ದೆನೆಂಬುದನ್ನು ಮನಸ್ಸು ಹೇಳಲು ಹೊರಟಾಗ ಬಾಯಿ ಮುಚ್ಚಿಸಿದೆ.

ಆ ಚೌಕದ ಒಂದು ಮೂಲೆಯಲ್ಲಿ 1912ರಲ್ಲಿ ನಿಲ್ಲಿಸಿದ ಕಲ್ಲಿನ ಸ್ಮಾರಕವಿದೆ. ಮ್ಯಾಸಚೂಸೆಟ್ಸಿನ ಪ್ರಾಣಿದಯಾ ಸಂಘವನ್ನು 1868ರಲ್ಲಿ ಕಟ್ಟಿದ ಜಾರ್ಜ್ ಏಂಜೆಲ್ ಎಂಬ ಪುಣ್ಯಾತ್ಮರ ನೆನಪಿಗಾಗಿ ಮಾಡಿದ ನೀರಿನ ತೊಟ್ಟಿ ಅದು. ಗಾಡಿ ಎಳೆದು ಬಳಲಿದ ಕುದುರೆಗಳು ಕುಡಿಯಲೆಂದು! ಅದಕ್ಕೂ ಮೊದಲು, 1872ರ ನವೆಂಬರಿನಲ್ಲಿ ಈ ಪೇಟೆಯ 65 ಎಕರೆಯಲ್ಲಿದ್ದ 776 ಕಟ್ಟಡಗಳು ಒಂದೇ ಬೆಂಕಿಗೆ ಆಹುತಿಯಾದವಂತೆ. ಆ ದಿನಗಳಲ್ಲಿ ಕುದುರೆಗಳಿಗೆಲ್ಲ ಸಾಂಕ್ರಾಮಿಕ ಜಾಡ್ಯ ಹಿಡಿದಿದ್ದುದರಿಂದ ಬೆಂಕಿ ಆರಿಸುವ ಯಂತ್ರಗಳನ್ನು ಮನುಷ್ಯರೇ ಎಳೆದುಕೊಂಡು ಓಡಿದರು. ಕುದುರೆಯಿಲ್ಲದಿದ್ದರೆ ಊರು ನಿಲ್ಲುತ್ತದೆಂಬುದನ್ನು ಕಂಡವರು ಕುದುರೆಗೆ ನೀರಿನ ತೊಟ್ಟಿಯನ್ನು ಕಟ್ಟಿದರು. ಅವರ ಮೊಮ್ಮಕ್ಕಳು ಕಾರಿಗೆ ಗೂಡು ಕಟ್ಟಿದರು.

ಗೂಡಿನ ಸಂಗತಿ ನನಗೆ ತಿಳಿದದ್ದು ಹತ್ತನೆಯ ದಿನವೋ ಹನ್ನೊಂದನೆಯ ದಿನವೋ. ಎರಡನೆಯ ಗಾಜಿನ ಮಂಟಪವೊಂದರಿಂದ ಜನ ಹೊರಬರುತ್ತಲೇ ಇದ್ದರು, ಒಳಗೆ ಹೋಗುತ್ತಲೇ ಇದ್ದರು. ಅಷ್ಟು ಸಣ್ಣ ಮಂಟಪದಲ್ಲಿ ಇಷ್ಟು ಜನ ಹಿಡಿಯುವುದು ಹೇಗೆಂದು ಇಣುಕಿ ನೋಡಿದರೆ ಚಲಿಸುವ ಮೆಟ್ಟಿಲುಗಳು ನೆಲದೊಳಕ್ಕೆ ಇಳಿಯುತ್ತಿದ್ದವು. ಮಗಳನ್ನು ಕೇಳಿದೆ. ಅವಳು ನಕ್ಕು, ‘ಅಪ್ಪಾ, ನೀವು ಇಷ್ಟು ದಿನ ಕುಳಿತದ್ದು 1,400 ಕಾರುಗಳ ನೆತ್ತಿಯ ಮೇಲೆ’ ಎಂದಳು.

ಆ ಹುಲ್ಲಿನ ಅಡಿಯಲ್ಲಿ ಏಳು ಅಂತಸ್ತಿನ ವಾಹನ ನಿಲ್ದಾಣವಿದೆ. ಕೆಳಗಿಳಿಯುವ ದಾರಿಗಳನ್ನು ಅಂಚಿಗೆ ಸರಿಸಿ ಗಿಡಗಳಿಂದ ಮರೆಮಾಡಿದ್ದಾರೆ. ಅದಕ್ಕೆ ಮುನ್ನ ಇದೇ ಸ್ಥಳದಲ್ಲಿ ನೆಲದ ಮೇಲೆಯೇ ಕಾಂಕ್ರೀಟಿನ ಒರಟು ಗ್ಯಾರೇಜೊಂದು ನಿಂತಿತ್ತು. 1954ರಲ್ಲಿ ಕಟ್ಟಿದ್ದು, ಸುಮಾರು 950 ಕಾರುಗಳಿಗೆ. ನಗರಸಭೆ ಆ ಜಾಗವನ್ನು ನಲವತ್ತು ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟುಬಿಟ್ಟಿತ್ತು. ಪೇಟೆಯ ಹೃದಯವೆನ್ನಬಹುದಾದ ಜಾಗದಲ್ಲಿ ನಲವತ್ತು ವರ್ಷ ಕಾರು ಬಿಟ್ಟು ಬೇರೇನೂ ಇರತಕ್ಕದ್ದಲ್ಲವೆಂದು ಕಾಗದದಲ್ಲಿ ಬರೆದು ಸಹಿ ಮಾಡಿದವರೂ ನನ್ನಂತೆಯೇ ಲೆಕ್ಕದಲ್ಲಿ ತಪ್ಪಿಲ್ಲದವರೇ ಇದ್ದಿರಬೇಕು.

ಇದನ್ನು ಬದಲಾಯಿಸಲು ಹೊರಟವರು ನಾರ್ಮನ್ ಲೆವೆಂತಾಲ್. 1917ರಲ್ಲಿ ಬಾಸ್ಟನ್ನಿನ ವಲಸಿಗ ಯಹೂದಿ ಕುಟುಂಬದಲ್ಲಿ ಹುಟ್ಟಿ, ಎಂ.ಐ.ಟಿ.ಯಲ್ಲಿ ಓದಿ, ಕಟ್ಟಡಗಳನ್ನು ಕಟ್ಟಿಸುವ ವ್ಯಾಪಾರದಲ್ಲಿ ಬೆಳೆದವರು. ಹಳೆಯ ನಕ್ಷೆಗಳನ್ನು ಕೂಡಿಹಾಕುವ ಹವ್ಯಾಸ ಅವರಿಗಿತ್ತು. ಆ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಅವರ ಹೆಸರಿನ ನಕ್ಷಾಕೇಂದ್ರವಿದೆ. 1983ರಲ್ಲಿ ಅವರು ಸುತ್ತಲ ಸಂಸ್ಥೆಗಳವರನ್ನು ಕೂಡಿಸಿ ‘ಪೋಸ್ಟ್ ಆಫೀಸ್ ಸ್ಕ್ವೇರಿನ ಗೆಳೆಯರು’ ಎಂಬ ಅರ್ಥದ ಒಂದು ಸಂಸ್ಥೆಯನ್ನು ಹುಟ್ಟುಹಾಕಿದರು. ಗುತ್ತಿಗೆಯ ಗಂಟನ್ನು ಬಿಡಿಸಿಕೊಳ್ಳಲು ವರ್ಷಗಳು ಹಿಡಿದವು. 1988ರಲ್ಲಿ ಹಳೆಯ ಗ್ಯಾರೇಜನ್ನು ಕೆಡವಿ, ಸುಮಾರು ಎಂಬತ್ತು ಅಡಿ ಆಳಕ್ಕೆ ನೆಲವನ್ನು ತೋಡಿ, 1990ರಲ್ಲಿ ಕೆಳಗಿನ ನಿಲ್ದಾಣವನ್ನೂ, ಅದಾದ ಮೇಲೆ ಮೇಲಿನ ಉದ್ಯಾನವನ್ನೂ ತೆರೆದರು. 1997ರಲ್ಲಿ ಉದ್ಯಾನಕ್ಕೆ ಅವರದೇ ಹೆಸರನ್ನಿಟ್ಟರು. 2015ರಲ್ಲಿ ಅವರು ತೀರಿಕೊಂಡರು.

ಹಣದ ಮಾತು ಬಂದಾಗ ನನ್ನ ಕಿವಿ ನಿಮಿರಿತು. ಮಠದ ಲೆಕ್ಕ ಬರೆದವನ ಕಿವಿ ಅದು. ಒಟ್ಟು ಖರ್ಚು ಸುಮಾರು 8 ಕೋಟಿ ಡಾಲರು. ಸರಕಾರದ ಬೊಕ್ಕಸದಿಂದ ಬಂದದ್ದಲ್ಲ. ತಲಾ 65,000 ಡಾಲರಿನ 450 ಪಾಲುಗಳನ್ನು ಮಾರಿದರು. ಸುತ್ತಲ ಕಚೇರಿಗಳೂ ಸಂಸ್ಥೆಗಳೂ ಕೊಂಡವು. ಒಂದು ಪಾಲನ್ನು ಕೊಂಡವರಿಗೆ ಒಂದು ಕಾರಿನ ಸ್ಥಳವನ್ನು ತಿಂಗಳ ಬಾಡಿಗೆಗೆ ಪಡೆಯುವ ಹಕ್ಕು. ಹಾಗೆ ಬಂದದ್ದು ಮೂರು ಕೋಟಿಗೆ ಸ್ವಲ್ಪ ಕಡಿಮೆ. ಉಳಿದದ್ದಕ್ಕೆ ಬ್ಯಾಂಕಿನ ಸಾಲ. ದಿನವೂ ಬಂದು ಹೋಗುವ ಕಾರುಗಳು ಕೊಡುವ ಶುಲ್ಕದಿಂದ ಸಾಲ ತೀರಬೇಕು, ಉದ್ಯಾನದ ಮಾಲಿಗಳಿಗೆ ಸಂಬಳವಾಗಬೇಕು. ಮಿಕ್ಕದ್ದು ನಗರದ ಇತರ ಬಡಾವಣೆಗಳ ಉದ್ಯಾನಗಳಿಗೆ ಹೋಗಬೇಕು. ಕಟ್ಟಕಡೆಗೆ ಆಸ್ತಿಯೇ ನಗರಕ್ಕೆ ಸೇರಬೇಕು. ಕೆಳಗಿನ ಕತ್ತಲು ದುಡಿದು ಮೇಲಿನ ಹಸಿರನ್ನು ಸಾಕಬೇಕೆಂಬ ಏರ್ಪಾಡು.

ಇದನ್ನು ಕೇಳಿದ ನಮ್ಮ ಕಡೆಯ ಮಿತ್ರರೊಬ್ಬರು, ಸೋಮವಾರದ ಪೂಜೆಗೆ ಮಗಳ ಮನೆಯಲ್ಲಿ ಸೇರಿದ್ದಾಗ, ‘ಶಾಸ್ತ್ರಿಗಳೇ, ಇದೇ ಅಲ್ಲವೇ ದಾಸೋಹ?’ ಎಂದು ಉತ್ಸಾಹದಿಂದ ಕೇಳಿದರು. ಹೌದೆನ್ನಲು ನನಗೆ ಮನಸ್ಸಾಗಲಿಲ್ಲ. ಉದ್ಯಾನವಾದ ಮೇಲೆ ಅದರ ಸುತ್ತಲ ಕಟ್ಟಡಗಳ ಬೆಲೆ ಏರಿತು, ಆ ಕಟ್ಟಡಗಳಲ್ಲಿ ಲೆವೆಂತಾಲ್ ಅವರು ಕಟ್ಟಿಸಿದವೂ ಇದ್ದವು. ಅದನ್ನು ಅವರು ಬಚ್ಚಿಟ್ಟವರಲ್ಲ. ಕೊಟ್ಟದ್ದಕ್ಕೆ ಹೆಚ್ಚಾಗಿ ಹಿಂದಕ್ಕೆ ಬಂದರೆ ಅದಕ್ಕೆ ಬೇರೆ ಹೆಸರಿದೆ, ಒಳ್ಳೆಯ ವ್ಯಾಪಾರವೆಂದು. ವ್ಯಾಪಾರವು ಒಳ್ಳೆಯದಾಗಿರಬಾರದೆಂದು ಯಾವ ಶರಣರೂ ಹೇಳಿಲ್ಲ. ಆದರೆ ಎಲ್ಲ ಒಳ್ಳೆಯದಕ್ಕೂ ನಮ್ಮ ಪರಿಭಾಷೆಯ ಮುದ್ರೆಯನ್ನೊತ್ತುವ ಅಭ್ಯಾಸವನ್ನು ನಾವು ಬಿಡುವುದು ಒಳ್ಳೆಯದು.

ಆ ದೇಶದಲ್ಲಿ ಕಾರನ್ನು ನಿಲ್ಲಿಸುವ ಜಾಗದ್ದೇ ಒಂದು ಶಾಸ್ತ್ರವಿದೆ. ಲಾಸ್ ಏಂಜಲಿಸ್ಸಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಎಂಬವರು, ಈ ವರ್ಷದ ಆರಂಭದಲ್ಲಿ ತೀರಿಕೊಂಡರು, ಉಚಿತ ನಿಲುಗಡೆಯ ದುಬಾರಿ ಬೆಲೆಯನ್ನು ಕುರಿತು 2005ರಲ್ಲಿ ಬಹುದೊಡ್ಡ ಗ್ರಂಥವನ್ನೇ ಬರೆದಿದ್ದಾರೆ. ಪುಕ್ಕಟೆಯಾಗಿ ಸಿಗುವ ನಿಲುಗಡೆಯ ಬೆಲೆಯನ್ನು ಕಾರಿಲ್ಲದವನೂ ಸೇರಿ ಊರಿನವರೆಲ್ಲ ಬೇರೆ ಬೇರೆ ರೂಪದಲ್ಲಿ ತೆರುತ್ತಾರೆಂಬುದು ಅವರ ವಾದ. ಬಾಸ್ಟನ್ನಿನಲ್ಲಿಯೋ, 1970ರ ದಶಕದಲ್ಲಿಯೇ, ವಾಯು ಮಲಿನವಾಗುತ್ತದೆಂಬ ಕಾರಣದಿಂದ ಪೇಟೆಯಲ್ಲಿ ಸಾರ್ವಜನಿಕರಿಗೆ ಬಾಡಿಗೆಗೆ ಕೊಡುವ ನಿಲುಗಡೆಯ ಸ್ಥಳಗಳನ್ನು ಸುಮಾರು 35,500ಕ್ಕೆ ಮಿತಿಗೊಳಿಸಿದರು. ಹೆಚ್ಚು ಕಾರು ಬಂದರೆ ಹೆಚ್ಚು ಜಾಗವನ್ನು ಮಾಡಿಕೊಡಬೇಕೆಂಬುದು ನನ್ನ 2009ರ ತರ್ಕ. ಅದಕ್ಕೆ ಮೂವತ್ತು ವರ್ಷ ಹಿಂದೆಯೇ ಇನ್ನೊಂದು ಊರು ಬೇರೆ ತರ್ಕವನ್ನು ಹಿಡಿದಿತ್ತು.

ಇಷ್ಟಾದ ಮೇಲೆ ಅಳಿಯಂದಿರಿಗೆ ನನ್ನ ಹುಚ್ಚು ಅರ್ಥವಾಗಿ, ಒಂದು ಭಾನುವಾರ ಸೀಪೋರ್ಟ್ ಎಂಬ ಭಾಗಕ್ಕೆ ಕರೆದೊಯ್ದರು. ಸಮುದ್ರದ ಅಂಚಿನಲ್ಲಿ, ಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ. ಈ ಶತಮಾನದ ಆರಂಭದಲ್ಲಿ ಅಲ್ಲಿ ಡಾಂಬರಿನ ಬಯಲುಗಳಲ್ಲಿ ಸಾಲುಸಾಲು ಕಾರುಗಳು ಮಾತ್ರ ಇದ್ದವಂತೆ. ಅದರಲ್ಲಿ 24 ಎಕರೆಗಳ ಒಡೆಯನೊಬ್ಬ, ಫ್ರಾಂಕ್ ಮೆಕೋರ್ಟ್ ಎಂಬವನು, ಆ ಬಯಲನ್ನೇ ಸಾಲಕ್ಕೆ ಒತ್ತೆಯಿಟ್ಟು 2004ರಲ್ಲಿ ಲಾಸ್ ಏಂಜಲಿಸ್ಸಿನ ಬೇಸ್‌ಬಾಲ್ ತಂಡವನ್ನು ಕೊಂಡುಕೊಂಡ. ಕಾರುಗಳು ನಿಲ್ಲುವ ನೆಲ ಕೊಟ್ಟು ಆಟಗಾರರನ್ನು ಕೊಂಡ ಕಥೆಯನ್ನು ಅಳಿಯಂದಿರು ಹೇಳಿದಾಗ ಇದು ಯಾವ ಪುರಾಣದಲ್ಲಿಯೂ ಇಲ್ಲವೆಂದೆ. ಸಾಲ ಕೊಟ್ಟವರೇ ನೆಲವನ್ನು ಕಟ್ಟಿಕೊಂಡು, ಮುಂದೆ ಅದು ಕೈಬದಲಾಗಿ, ಸೀಪೋರ್ಟ್ ಸ್ಕ್ವೇರ್ ಎಂಬ ಹೆಸರಿನ ಸುಮಾರು 23 ಎಕರೆಯ ಯೋಜನೆಗೆ 2010ರಲ್ಲಿ ಒಪ್ಪಿಗೆ ದೊರೆಯಿತು. ಕೆಳಗೆ ಅಂಗಡಿ, ಮೇಲೆ ಕಚೇರಿ, ಅದರಾಚೆ ವಸತಿ, ನಡುನಡುವೆ ಹಸಿರು, ಕಾರುಗಳೆಲ್ಲ ನೆಲದಡಿಗೆ. ಈಗ ಬಯಲಿದ್ದ ಜಾಗವನ್ನು ಗುರುತಿಸುವುದೂ ಕಷ್ಟ.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಇಗರ್ಜಿ. ಮೀನುಗಾರರಿಗೆ, ಹಡಗಿನ ಕೂಲಿಗಳಿಗೆ ಪ್ರಾರ್ಥನೆಗೊಂದು ಸ್ಥಳ ಬೇಕೆಂದು 1952ರಲ್ಲಿ ಕಟ್ಟಿದ್ದ ಮಾತೆಯ ಗುಡಿ ಬಹುಕಾಲ ಆ ಕಾರುಗಳ ಬಯಲಿನ ನಡುವೆ ಒಂಟಿಯಾಗಿ ನಿಂತಿತ್ತು. ಬಯಲಿನಲ್ಲಿ ಕಟ್ಟಡಗಳೇಳುವಾಗ ಧರ್ಮಪ್ರಾಂತದವರು ಆ ನಿವೇಶನವನ್ನು ಬಿಟ್ಟುಕೊಟ್ಟು, ಹತ್ತಿರದಲ್ಲಿಯೇ ಬೇರೆ ನಿವೇಶನದಲ್ಲಿ ಹೊಸ ಗುಡಿಯನ್ನು ಪಡೆದರು. 2017ರಲ್ಲಿ ಅದರ ಪ್ರತಿಷ್ಠೆಯಾಯಿತು. ಹಳೆಯದು ನೆಲಸಮವಾಯಿತು. ನಾನು ಹೊಸ ಗುಡಿಯ ಒಳಗೆ ಹೋಗಿ ಸ್ವಲ್ಪ ಹೊತ್ತು ಕುಳಿತೆ. ಅಚ್ಚುಕಟ್ಟಾಗಿದೆ. ಹಿಂದಿನ ಪೀಠದಲ್ಲಿ ಮುದುಕಿಯೊಬ್ಬಳು ಜಪಮಾಲೆ ಎಣಿಸುತ್ತಿದ್ದಳು. ದೇವಸ್ಥಾನದ ಭೂಮಿ ಎಂಬುದು ಮಾರುಕಟ್ಟೆಯ ಕಣ್ಣಿಗೆ ಬಿದ್ದಾಗ ಹಿರಿಯರು ಕುಳಿತು ಮಾಡುವ ಮಾತುಕತೆ ಎಂಥದಿರುತ್ತದೆಂದು ನನಗೆ ಗೊತ್ತು. ನಮ್ಮ ಸಮಿತಿಯ ಸಭೆಗಳ ಚಹಾದ ವಾಸನೆಯೇ ಅಲ್ಲಿ ಬಂದಂತಾಯಿತು.

ಸೀಪೋರ್ಟಿನ ಬಗ್ಗೆ ಇನ್ನೆರಡು ಮಾತುಗಳನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಬಾಸ್ಟನ್ ಗ್ಲೋಬ್ ಪತ್ರಿಕೆ 2017ರ ಡಿಸೆಂಬರಿನಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿತು. ಹಿಂದಿನ ಒಂದು ದಶಕದಲ್ಲಿ ಆ ಭಾಗದಲ್ಲಿ ಮನೆ ಕೊಳ್ಳಲು ಕೊಟ್ಟ 660 ಸಾಲಗಳಲ್ಲಿ ಕಪ್ಪು ಜನರಿಗೆ ದೊರೆತವು ಮೂರು. ನಗರದ ಜನಸಂಖ್ಯೆಯಲ್ಲಿ ಅವರು ಹೆಚ್ಚು ಕಡಿಮೆ ಕಾಲು ಭಾಗ. ರಸ್ತೆ, ಸುರಂಗ, ಬಂದರಿನ ಶುದ್ಧೀಕರಣ, ಎಲ್ಲಕ್ಕೂ ಸಾರ್ವಜನಿಕರ ಹಣ ಸುರಿದ ಮೇಲೆ ಎದ್ದ ಹೊಸ ಊರಿದು! ಉದ್ಯಾನಕ್ಕೆ ಬಾಗಿಲಿಲ್ಲ, ನಿಜ. ಆದರೆ ಉದ್ಯಾನದ ಸುತ್ತಲ ಮನೆಗಳಿಗೆ ಬೆಲೆಯೆಂಬ ಬಾಗಿಲಿದೆ. ಎರಡನೆಯದು ನೀರು. 2018ರ ಜನವರಿ 4ರಂದು ಬಿರುಗಾಳಿಯೊಡನೆ ಬಂದ ಉಬ್ಬರ ಬಾಸ್ಟನ್ನಿನಲ್ಲಿ ಅಳತೆಯಿಟ್ಟಂದಿನಿಂದ ಎಂದೂ ಕಾಣದ ಮಟ್ಟಕ್ಕೆ ಏರಿ, ಸೀಪೋರ್ಟಿನ ಬೀದಿಗಳಲ್ಲಿ ಕಸದ ತೊಟ್ಟಿಗಳು ತೇಲಿದವು. ಕಾರುಗಳನ್ನೆಲ್ಲ ನೆಲದಡಿಗೆ ಇಳಿಸಿದ ಊರಿಗೆ ಸಮುದ್ರವೂ ಇಳಿಯಲು ಬಯಸಿದರೆ ಏನು ಮಾಡುವುದೆಂಬ ಚಿಂತೆ ಈಗ ಅವರದು.

ಆಗಸ್ಟಿನ ಕೊನೆಯ ವಾರ ಊರಿನಿಂದ ಫೋನು ಬಂತು. ನಮ್ಮ ತೋಪಿದ್ದ ಜಾಗಕ್ಕೆ ಗುತ್ತಿಗೆದಾರರೊಬ್ಬರು ಪ್ರಸ್ತಾವ ತಂದಿದ್ದಾರೆ, ಇಡೀ ಜಾಗದಲ್ಲಿ ನೆಲಮಾಳಿಗೆ ತೋಡಿ 120 ಕಾರಿಗೆ ಸ್ಥಳ, ಅದರ ಮೇಲೆ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣ, ಮೂವತ್ತು ವರ್ಷ ಅವರು ಅನುಭವಿಸಿ ಆಮೇಲೆ ಮಠಕ್ಕೆ. ಮಠಕ್ಕೆ ಬರುವ ಬಾಡಿಗೆ ಈಗಿನ ಮೂರು ಪಟ್ಟು. ಹಿರಿಯರಾದ ತಮ್ಮ ಅಭಿಪ್ರಾಯ ಬೇಕು ಎಂದರು. ನಾನು ಈಗ ಸಮಿತಿಯಲ್ಲಿಲ್ಲ. ಆದರೂ 2009ರ ಠರಾವಿನಲ್ಲಿ ಸಹಿ ಇರುವವನಲ್ಲವೆ!

ಮರುದಿನ ಅದೇ ಉದ್ಯಾನದ ಕಲ್ಲಿನ ಮೇಲೆ ಕುಳಿತು ಪತ್ರ ಬರೆದೆ. ಒಟ್ಟು ಐವತ್ತೆರಡು ಗುಂಟೆಯಲ್ಲಿ ಪೂರ್ವದ ಬೀದಿಗೆ ಹತ್ತಿಕೊಂಡಿರುವ ಹದಿನೆಂಟು ಗುಂಟೆಯಲ್ಲಿ ಮಾತ್ರ ಕಟ್ಟಡವಿರಲಿ. ಕೆಳಗೆ ಅಂಗಡಿಗಳು, ಮೇಲೆ ಪ್ರಸಾದ ನಿಲಯಕ್ಕೆ ಇಪ್ಪತ್ತು ಕೋಣೆಗಳು, ಊರಿನ ಮಕ್ಕಳಿಗೆಲ್ಲ ತೆರೆದಿರುವ ಒಂದು ವಾಚನಾಲಯ. ನೆಲಮಾಳಿಗೆ ಇಡೀ ಜಾಗಕ್ಕೂ ಇರಲಿ. ಉಳಿದ ಮೂವತ್ತನಾಲ್ಕು ಗುಂಟೆಯ ಚಾವಣಿಯ ಮೇಲೆ ಮಣ್ಣು ತುಂಬಿ ಬಾಸ್ಟನ್ನಿನ ಮಾದರಿಯಲ್ಲಿ ಉದ್ಯಾನವಾಗಲಿ. ಅದಕ್ಕೆ ಗೋಡೆ ಬೇಡ, ಬೀಗ ಬೇಡ. ಗುತ್ತಿಗೆದಾರರ ಹಣದ ಬದಲು ಪೇಟೆಯ ವರ್ತಕರಿಂದಲೇ ಪಾಲು ಎತ್ತೋಣ. ಹೀಗೆ ಆರು ಪುಟ. ಬರೆದು ಮುಗಿಸಿದಾಗ ಹದಿನಾರು ವರ್ಷಗಳ ಋಣ ತೀರಿತೆಂಬ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ.

ಊರಿಗೆ ಬಂದ ಮೂರನೆಯ ದಿನ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಆ ಜಾಗಕ್ಕೆ ಹೋದೆ. ಚೀಟಿ ಹರಿದು ಕೊಡುವವನು ನಮ್ಮ ತೋಪಿನ ಹಳೆಯ ಮಾಲಿ. ಮರ ಕಡಿದಾಗ ಅವನ ಕೆಲಸವೂ ಹೋಯಿತೆಂದು, ಆ ಬಗ್ಗೆಯೂ ಒಂದು ಠರಾವು ಮಾಡಿ, ಅವನಿಗೆ ಈ ಚೀಟಿಯ ಪುಸ್ತಕವನ್ನು ಕೊಟ್ಟಿದ್ದೆವು. ನಾನು ವಟುವಾಗಿದ್ದಾಗ ಅವನು ತಂದೆಯ ಜೊತೆ ಬಾವಿಯಿಂದ ನೀರು ಸೇದುತ್ತಿದ್ದ ಹುಡುಗ. ಈಗ ಇಬ್ಬರ ಗಡ್ಡವೂ ಬೆಳ್ಳಗಾಗಿದೆ. ಬಿಸಿಲಿಗೆ ಒಂದು ಹರಿದ ಕೊಡೆಯನ್ನು ಕಂಬಕ್ಕೆ ಕಟ್ಟಿಕೊಂಡಿದ್ದ. ಹದಿನಾರು ಮರಗಳನ್ನು ಸಾಕಿದವನಿಗೆ ಉಳಿದ ನೆರಳು ಅಷ್ಟು.

ಅವನ ಪಕ್ಕದಲ್ಲಿ ಕುಳಿತು ಬಾಸ್ಟನ್ನಿನ ಕಥೆಯನ್ನು ಪ್ರವಚನದಂತೆಯೇ ಹೇಳಿದೆ. ಏಳು ಅಂತಸ್ತು ಎಂದಾಗ ಹುಬ್ಬೇರಿಸಿದ. ಮೇಲೆ ಹುಲ್ಲು, ಗಿಡ ಎಂದಾಗ ಒಂದೇ ಪ್ರಶ್ನೆ ಕೇಳಿದ.

‘ಬೇರು ಎಲ್ಲಿಗೆ ಹೋಗತಾವ್ರಿ, ಶಾಸ್ತ್ರಿಗೋಳ?’

ಮಣ್ಣು ತಂದು ತುಂಬುತ್ತಾರೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ತಲೆಯಾಡಿಸಿದ. ‘ಹೂವಿನ ಗಿಡಕ್ಕ ಅದು ಸಾಕು. ಹುಣಸಿ ಅದಕ್ಕ ಒಲ್ಲದು. ಮುತ್ತಜ್ಜನ ಕಾಲದ ಗಿಡ ಆಗಬೇಕಂದ್ರ ತಾಯಿಬೇರು ಕೆಳಗ ಇಳೀಬೇಕ್ರಿ. ನೆಲಾ ತೋಡಿ ಸಿಮೆಂಟ್ ಹಾಕಿದಿರೆಂದ್ರ ಮುಂದ ಯಾರ ಮನಸ್ಸು ಮಾಡಿದ್ರೂ ಅಲ್ಲಿ ಹುಣಸಿ ಬರೂದಿಲ್ಲ. ಬಾವಿಗೂ ನೀರು ಇಳಿಯೂದಿಲ್ಲ.’ ಆಮೇಲೆ ಬಾವಿಯ ಕಡೆ ಕೈ ತೋರಿಸಿದ. ಅದರ ಮೇಲೆ ನಾವು ಕಬ್ಬಿಣದ ಜಾಳಿಗೆ ಹಾಕಿಸಿದ್ದೇವೆ. ಮುಚ್ಚಿಸಲು ಮಾತ್ರ ಯಾರಿಗೂ ಧೈರ್ಯ ಬಂದಿರಲಿಲ್ಲ.

ಹಾಗಾದರೆ ಕಾರುಗಳನ್ನು ಎಲ್ಲಿಡುವುದು ಎಂದೆ. ಹದಿನೆಂಟು ಗುಂಟೆಯ ಕಟ್ಟಡದ ಕೆಳಗೆ ಮಾತ್ರ ತೋಡಿದರೆ ನಲವತ್ತು ಕಾರು ಹಿಡಿದರೆ ಹೆಚ್ಚು. ಅವನು ಚೀಟಿಯ ಪುಸ್ತಕವನ್ನು ಮಡಿಚಿ ಬೆರಳೆತ್ತಿ ಸಾಲನ್ನು ತೋರಿಸುತ್ತ ಹೋದ. ಇದು ಬಟ್ಟೆ ಅಂಗಡಿಯವರದು, ಬೆಳಿಗ್ಗೆ ಒಂಬತ್ತಕ್ಕೆ ಬಂದರೆ ರಾತ್ರಿ ಒಂಬತ್ತಕ್ಕೆ ಹೋಗುವುದು. ಇದು ಔಷಧದ ಅಂಗಡಿಯದು. ಇದು ವಕೀಲರದು. ಇದು ನಿಂತು ಎರಡು ವರ್ಷವಾಯಿತು, ಚಕ್ರದಲ್ಲಿ ಗಾಳಿಯಿಲ್ಲ, ತಿಂಗಳ ಬಾಡಿಗೆ ಮಾತ್ರ ಸರಿಯಾಗಿ ಬರುತ್ತದೆ. ಪೇಟೆಗೆ ಕೊಳ್ಳಲು ಬಂದವರು ಜಾಗವಿಲ್ಲವೆಂದು ಸುತ್ತು ಹೊಡೆದು ಹೋಗುತ್ತಾರೆ. ‘ತಾಸಿನ ಲೆಕ್ಕಕ್ಕ ರೊಕ್ಕ ತಗೊಂಡ್ರ ಇವು ಅರ್ಧ ಇಲ್ಲಿ ನಿಲ್ಲೂದಿಲ್ರಿ’ ಎಂದ. ಶೂಪ್ ಎಂಬ ಪ್ರಾಧ್ಯಾಪಕರ ಹೆಸರನ್ನು ಅವನು ಕೇಳಿದವನಲ್ಲ. ಹದಿನಾರು ವರ್ಷ ಆ ಕಂಬದ ಕೆಳಗೆ ಕುಳಿತವನಿಗೆ ಕೇಳುವ ಅಗತ್ಯವೂ ಇರಲಿಲ್ಲ. ನಾವು ಅವನನ್ನು ಯಾವ ಸಭೆಗೂ ಕರೆದಿರಲಿಲ್ಲ.

ಮನೆಗೆ ಬಂದು ಪತ್ರದ ನಾಲ್ಕನೆಯ ಪುಟವನ್ನು ಹರಿದು ಮತ್ತೆ ಬರೆದೆ. ನೆಲಮಾಳಿಗೆ ಹದಿನೆಂಟು ಗುಂಟೆಗೆ ಮಾತ್ರ, ಉಳಿದ ಮೂವತ್ತನಾಲ್ಕು ಗುಂಟೆಯನ್ನು ಗುದ್ದಲಿ ಮುಟ್ಟುವುದು ಗಿಡ ನೆಡುವುದಕ್ಕೆ ಮಾತ್ರ. ಬಾವಿಯ ಜಾಳಿಗೆಯನ್ನು ತೆಗೆಯತಕ್ಕದ್ದು. ಬಾಡಿಗೆ ತಿಂಗಳ ಬದಲು ತಾಸಿನ ಲೆಕ್ಕದಲ್ಲಿ. ಮೂರು ಪಟ್ಟಿನ ಆದಾಯ ಇದರಿಂದ ಬಾರದು, ಈಗಿರುವಷ್ಟು ಬಂದರೆ ದೊಡ್ಡದು. ಮಕ್ಕಳ ಊಟದ ಲೆಕ್ಕವನ್ನು ಮರೆಮಾಚದೆ ಅದೇ ಪುಟದಲ್ಲಿ ಬರೆದಿದ್ದೇನೆ. ಕೊರತೆ ಬಿದ್ದರೆ ಭಕ್ತರ ಮನೆಗಳಿಗೆ ಜೋಳಿಗೆ ಹಿಡಿದು ಹೋಗುವವರಲ್ಲಿ ಮೊದಲನೆಯವನು ನಾನಾಗುತ್ತೇನೆಂದೂ ಬರೆದಿದ್ದೇನೆ. ಸಮಿತಿಯ ತರುಣ ಸದಸ್ಯರೊಬ್ಬರು ಆಗಲೇ ಪತ್ರವನ್ನು ಓದಿ, ‘ಅಜ್ಜಾವ್ರ ಭಾವನೆಯೇನೋ ದೊಡ್ಡದು, ಆದರೆ ಮೂವತ್ತನಾಲ್ಕು ಗುಂಟೆಯ ಇಂದಿನ ಬೆಲೆ ಗೊತ್ತೇ?’ ಎಂದಿದ್ದಾರೆ. ಅವರದು ನ್ಯಾಯವಾದ ಪ್ರಶ್ನೆ. 2009ರಲ್ಲಿ ನಾನೂ ಒಬ್ಬ ಹಿರಿಯರಿಗೆ ಇದನ್ನೇ ಕೇಳಿದ್ದೆ.

ಸಭೆ ಹುಣ್ಣಿಮೆಯ ಮರುದಿನ ಇದೆ. ಮಾಲಿಯನ್ನೂ ಕರೆಯಬೇಕೆಂದು ಪ್ರತ್ಯೇಕವಾಗಿ ಒಂದು ಸಾಲು ಸೇರಿಸಿದ್ದೇನೆ. ಅಂದು ಹೊರಡುವಾಗ ಅವನು ನನ್ನ ಸ್ಕೂಟರಿಗೆ ಚೀಟಿ ಹರಿಯಲು ಒಲ್ಲೆನೆಂದ. ನಾನು ಹತ್ತು ರೂಪಾಯಿ ಕೊಟ್ಟು ಹರಿಸಿಕೊಂಡೆ.